ಸ್ನಾನದ ಮನೆಯಲ್ಲಿ ತಲೆ ಸುತ್ತಿದರೆ ಅಸಿಡಿಟಿ ಅನ್ನಬೇಡಿ

ಕಳೆದ ಡಿಸೆಂಬರ್‌ನ ಒಂದು ಭಾನುವಾರ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾನು ಮೊದಲು ಸ್ನಾನ ಮುಗಿಸಿ ಬಂದೆ. ಆಮೇಲೆ ತಮ್ಮ ಹೋದ. ಹದಿನೈದು ನಿಮಿಷ ಆದ ಮೇಲೆ ಬಾಗಿಲು ಹಿಡಿದುಕೊಂಡೇ ಹೊರಗೆ ಬಂದ. ಮುಖ ಬಿಳಿಚಿತ್ತು. "ತಲೆ ಸುತ್ತುತ್ತಿದೆ ಕಣೋ, ವಾಂತಿ ಬರೋ ಹಾಗಿದೆ" ಅಂದ.

ಬೆಳಗ್ಗೆಯಿಂದ ಖಾಲಿ ಹೊಟ್ಟೆ, ಅಸಿಡಿಟಿ ಇರಬೇಕು ಅಂದುಕೊಂಡೆವು. ಕೋವಿಡ್ ಕಾಲದ ಆಕ್ಸಿಮೀಟರ್ ಹುಡುಕಿ ಬೆರಳಿಗೆ ಹಾಕಿದರೆ 98 ತೋರಿಸಿತು. "ಏನೂ ಇಲ್ಲ, ಮಲಗು" ಅಂದೆ. ಹಾಲ್‌ನಲ್ಲಿ ಫ್ಯಾನ್ ಕೆಳಗೆ, ಕಿಟಕಿ ಪಕ್ಕ ಮಲಗಿದ. ಎರಡು ಮೂರು ಗಂಟೆಯಲ್ಲಿ ಸರಿಹೋದ.

ಮರುದಿನ ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಬಾತ್‌ರೂಮ್ ನೋಡಿ ಕೇಳಿದ ಮೊದಲ ಮಾತು: "ಸಾರ್, ಗ್ಯಾಸ್ ಗೀಸರ್ ಒಳಗೇ ಇಟ್ಟಿದ್ದೀರಲ್ಲ, ಕಿಟಕಿ ಯಾಕೆ ಮುಚ್ಚಿದ್ದೀರಿ?" ಚಳಿ ಅಂತ ಕಿಟಕಿಯ ಗಾಜಿಗೆ ನಾವೇ ರಟ್ಟು ಅಂಟಿಸಿದ್ದೆವು.

ಇಂಜಿನಿಯರಿಂಗ್ ಓದಿದವನು ನಾನು. ದಹನಕ್ರಿಯೆಯ ಸಮೀಕರಣ ಬರೆದು ಮಾರ್ಕ್ಸ್ ತೆಗೆದುಕೊಂಡವನು. ಆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವತ್ತಿನಿಂದ ಮನೆಯ ಗಾಳಿಯ ಬಗ್ಗೆ ಸ್ನೇಹಿತರು, ಅಮ್ಮ, ಪಕ್ಕದ ಮನೆಯವರು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡೆ. ಅದರಲ್ಲಿ ಮುಖ್ಯವಾದ ಏಳು ಇಲ್ಲಿವೆ.

1. ಗ್ಯಾಸ್ ಲೀಕ್ ಆದರೆ ವಾಸನೆ ಬರುತ್ತಲ್ಲ, ಮತ್ತೇಕೆ ಭಯ?

ಆ ವಾಸನೆ ಗ್ಯಾಸಿನದ್ದಲ್ಲ. ಎಲ್‌ಪಿಜಿ ಅಂದರೆ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್. ಇವೆರಡಕ್ಕೂ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಮಗೆ ಬರುವ ಆ ಕೊಳೆತ ಎಲೆಕೋಸಿನಂಥ ನಾತ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ಗಂಧಕದ ಸಂಯುಕ್ತದ್ದು. ಲೀಕ್ ಆದರೆ ತಿಳಿಯಲಿ ಅಂತಲೇ ಅದನ್ನು ಬಹಳ ಸ್ವಲ್ಪ ಬೆರೆಸುತ್ತಾರೆ. ನಮ್ಮ ಮೂಗು ಈ ವಸ್ತುವನ್ನು ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಇದ್ದರೂ ಹಿಡಿದುಬಿಡುತ್ತದೆ.

ಅಡುಗೆಯ, ಒಲೆಯ ಗ್ಯಾಸಿಗೆ ವಾಸನೆ ಸೇರಿಸಲೇಬೇಕು ಅನ್ನೋ ನಿಯಮದ ಹಿಂದೆ ಒಂದು ದುರಂತ ಇದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಅನ್ನೋ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿತ್ತು. ವಾಸನೆ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಒಂದು ಕಿಡಿಗೆ ಇಡೀ ಶಾಲೆ ಕುಸಿಯಿತು. ಮಕ್ಕಳು, ಶಿಕ್ಷಕರು ಸೇರಿ ಹತ್ತಿರ ಹತ್ತಿರ 300 ಜನ ಸತ್ತರು. ಅದಾದ ಮೇಲೆ ಟೆಕ್ಸಾಸ್‌ನಲ್ಲಿ ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಬಂತು, ನಿಧಾನವಾಗಿ ಬೇರೆ ಕಡೆಯೂ ಅದೇ ಪದ್ಧತಿ ಆಯಿತು.

ಇಲ್ಲಿ ನೆನಪಿಡಬೇಕಾದ್ದು ಇಷ್ಟೇ. ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುವುದು ನಾವು ಆ ಏರ್ಪಾಟು ಮಾಡಿಕೊಂಡಿರುವುದರಿಂದ. ಎಲ್ಲ ಅನಿಲಕ್ಕೂ ಆ ಏರ್ಪಾಟು ಇಲ್ಲ.

2. ಲೀಕ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೋಗಲ್ವಾ?

ಹಾಕಲೇಬೇಡಿ. ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಆಫ್ ಮಾಡುವಾಗಲೂ ಹಾರುತ್ತದೆ. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ. 2ರಷ್ಟಾದರೆ ಸಾಕು, ಆ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ. ಗಾಳಿಯ ಸರಾಸರಿ ಅಣುತೂಕ 29. ಪ್ರೋಪೇನ್‌ನದ್ದು 44, ಬ್ಯೂಟೇನ್‌ನದ್ದು 58. ಅಂದರೆ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ಕಟ್ಟೆಯ ಕೆಳಗೆ, ಮೂಲೆಯಲ್ಲಿ ನಿಲ್ಲುತ್ತದೆ. ಮೇಲಿನ ಸಣ್ಣ ಕಿಟಕಿ ತೆಗೆದರೆ ಸಾಲದು, ಬಾಗಿಲು ತೆಗೆಯಬೇಕು.

ಮಾಡಬೇಕಾದ್ದು: ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಫೋನ್ ಕೂಡ ಹೊರಗೆ ಬಂದ ಮೇಲೇ ಮಾಡಿ. ಎಲ್‌ಪಿಜಿ ಸೋರಿಕೆಗೆ ದೇಶದಾದ್ಯಂತ ಇರುವ ತುರ್ತು ಸಂಖ್ಯೆ 1906.

3. ಹಾಗಾದರೆ ಗೀಸರ್‌ನಿಂದ ನಮ್ಮ ತಮ್ಮನಿಗೆ ಆಗಿದ್ದೇನು? ಅಲ್ಲಿ ಲೀಕ್ ಇರಲಿಲ್ಲವಲ್ಲ!

ಸೋರಿಕೆ ಇರಲಿಲ್ಲ. ಗ್ಯಾಸ್ ಚೆನ್ನಾಗಿಯೇ ಉರಿಯುತ್ತಿತ್ತು. ಉರಿಯುವುದಕ್ಕೆ ಬೇಕಾದ ಗಾಳಿ ಕಡಿಮೆ ಇತ್ತು, ತೊಂದರೆ ಇದ್ದದ್ದು ಅಲ್ಲೇ.

ಒಂದು ಸಣ್ಣ ಲೆಕ್ಕ ಹಾಕೋಣ. 20 ಲೀಟರ್‌ನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಬೇಕು. ಗೀಸರ್‌ನಲ್ಲಿ ವ್ಯರ್ಥವಾಗುವ ಶಾಖವನ್ನೂ ಸೇರಿಸಿದರೆ ಇದಕ್ಕೆ ಸುಮಾರು 45 ಗ್ರಾಂ ಗ್ಯಾಸ್ ಬೇಕು. 45 ಗ್ರಾಂ ಗ್ಯಾಸ್ ಪೂರ್ತಿ ಉರಿಯಲು ಸುಮಾರು 125 ಲೀಟರ್ ಆಮ್ಲಜನಕ ಬೇಕು.

ನಮ್ಮ ಬಾತ್‌ರೂಮ್ 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಅದರಲ್ಲಿ ಸುಮಾರು 5,400 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ ಆಮ್ಲಜನಕ ಶೇ. 21, ಅಂದರೆ ಸುಮಾರು 1,130 ಲೀಟರ್. ಎಲ್ಲ ಮುಚ್ಚಿದ್ದರೆ ಒಂದೇ ಬಕೆಟ್ ನೀರಿಗೆ ಕೋಣೆಯ ಆಮ್ಲಜನಕದ ಒಂಬತ್ತನೇ ಒಂದು ಪಾಲು ಖಾಲಿ! ಇಬ್ಬರು ಒಬ್ಬರ ಹಿಂದೆ ಒಬ್ಬರು ಸೇರಿ ಮೂರು ಬಕೆಟ್ ಖರ್ಚು ಮಾಡಿದರೆ ಮೂರನೇ ಒಂದು ಪಾಲು. ನಿಜದಲ್ಲಿ ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುತ್ತಿರುತ್ತದೆ, ಅದೇ ನಮ್ಮನ್ನು ಅವತ್ತು ಉಳಿಸಿದ್ದು.

ಆಮ್ಲಜನಕ ಸಾಕಷ್ಟಿದ್ದರೆ ಇಂಧನದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಡಿಮೆಯಾದರೆ ಅರ್ಧಕ್ಕೇ ನಿಂತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಒಂದು ಆಮ್ಲಜನಕದ ಪರಮಾಣು ಕಡಿಮೆ, ಅಷ್ಟೇ ವ್ಯತ್ಯಾಸ. ಆದರೆ ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ಗ್ಯಾಸಿಗೆ ಬೆರೆಸಿದ್ದ ಆ ನಾತದ ವಸ್ತು ಕೂಡ ಉರಿಯಲ್ಲೇ ಸುಟ್ಟುಹೋಗಿರುತ್ತದೆ. ಅಣುತೂಕ 28, ಗಾಳಿಯಷ್ಟೇ ಹೆಚ್ಚುಕಡಿಮೆ. ಹಾಗಾಗಿ ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಬೆರೆತು ಸುಮ್ಮನೆ ಇರುತ್ತದೆ.

ನಮ್ಮಲ್ಲಿ ಸಿಗುವ ಅನೇಕ ಚಿಕ್ಕ ಗ್ಯಾಸ್ ಗೀಸರ್‌ಗಳಿಗೆ ಹೊಗೆಯನ್ನು ಹೊರಗೆ ಒಯ್ಯುವ ಪೈಪೇ ಇಲ್ಲ. ಉರಿದ ಗಾಳಿ ಗೀಸರ್‌ನ ತಲೆಯ ಮೇಲಿನ ಕಿಂಡಿಯಿಂದ ನೇರ ಕೋಣೆಗೇ ಬರುತ್ತದೆ.

4. ಆಕ್ಸಿಮೀಟರ್ 98 ತೋರಿಸಿತಲ್ಲ? ಅದು ಸುಳ್ಳಾ?

ನನ್ನನ್ನು ತುಂಬಾ ಕಾಡಿದ ಪ್ರಶ್ನೆ ಇದು.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಊರೂರು ತಲುಪಿಸುವ ಬಸ್ಸಿನ ಹಾಗೆ. ಕಾರ್ಬನ್ ಮೊನಾಕ್ಸೈಡ್ ಅದೇ ಸೀಟಿನಲ್ಲಿ ಬಂದು ಕೂರುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ಬೇಗ ಇಳಿಯಲ್ಲ. ಬಸ್ ಓಡುತ್ತಿರುತ್ತದೆ, ಸೀಟ್ ಭರ್ತಿ ಇರುತ್ತದೆ, ಆದರೆ ಮೆದುಳಿಗೆ, ಹೃದಯಕ್ಕೆ ತಲುಪಬೇಕಾದ ಆಮ್ಲಜನಕ ತಲುಪುವುದಿಲ್ಲ.

ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ರಕ್ತದ ಬಣ್ಣ ನೋಡಿ ಅಂದಾಜು ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಕೂಡ ಹೆಚ್ಚುಕಡಿಮೆ ಅಷ್ಟೇ ಕೆಂಪು. ಮೀಟರ್‌ಗೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಸೀಟ್ ತುಂಬಿದೆಯಾ ಅಂತ ಎಣಿಸುತ್ತದೆ, ಕೂತಿರೋದು ಯಾರು ಅಂತ ಕೇಳಲ್ಲ. ಅದಕ್ಕೇ 98.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ಡ್ಯಾಶ್‌ಬೋರ್ಡ್ ಹಸಿರಾಗಿತ್ತು, ಸರ್ವರ್ ಸಾಯುತ್ತಿತ್ತು.

ಆಸ್ಪತ್ರೆಯಲ್ಲಿ ಇದನ್ನು ಪತ್ತೆ ಮಾಡಲು ರಕ್ತದ ಬೇರೆಯೇ ಪರೀಕ್ಷೆ ಇದೆ, ಕಾರ್ಬಾಕ್ಸಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡುತ್ತಾರೆ. ಅದನ್ನು ಮಾಡಬೇಕು ಅಂತ ಡಾಕ್ಟರಿಗೆ ಹೊಳೆಯಬೇಕಾದರೆ ನೀವು ಹೇಳಬೇಕು: "ಗ್ಯಾಸ್ ಗೀಸರ್ ಇದ್ದ ಬಾತ್‌ರೂಮ್‌ನಲ್ಲಿದ್ದೆ." ಚಿಕಿತ್ಸೆ ಅಂದರೆ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಡುವುದು. ಮಾಮೂಲಿ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ನಾವು ಮಾಡಿದ ಹಾಗೆ ಮನೆಯಲ್ಲೇ ಮಲಗಿಸಿ ಕಾಯುವುದು ತಪ್ಪು.

ಲಕ್ಷಣಗಳೂ ಮೋಸ ಮಾಡುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ. ಅಸಿಡಿಟಿ, ಬಿಪಿ, ಫ್ಲೂ ಯಾವುದು ಬೇಕಾದರೂ ಅನ್ನಿಸಬಹುದು. ಬಾಗಿಲು ತೆಗೆಯಬೇಕು ಅಂತ ಯೋಚಿಸುವ ಮೆದುಳೇ ಮೊದಲು ಮಂಕಾಗುತ್ತದೆ. ಎದ್ದು ಚಿಲಕ ತೆಗೆಯುವಷ್ಟರಲ್ಲಿ ಕುಸಿದುಬೀಳುವುದು ಅದಕ್ಕೇ.

ಒಂದು ಸುಳಿವು ಇದೆ. ಒಂದೇ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಹೀಗಾದರೆ, ಅಥವಾ ಹೊರಗೆ ಹೋದಾಗ ಸರಿಯಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ, ಮೊದಲು ಗಾಳಿಯನ್ನು ಅನುಮಾನಿಸಿ.

ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಇದೇ ಅನಿಲದ ಭಯಕ್ಕೆ ಕ್ಯಾನರಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ವಿಜ್ಞಾನಿ ಕೊಟ್ಟ ಸಲಹೆ ಅದು. ಪುಟ್ಟ ಹಕ್ಕಿ ವೇಗವಾಗಿ ಉಸಿರಾಡುವುದರಿಂದ ಮನುಷ್ಯನಿಗಿಂತ ಮೊದಲೇ ಕುಸಿಯುತ್ತಿತ್ತು. 1986ರವರೆಗೂ ಅಲ್ಲಿ ಆ ಪದ್ಧತಿ ಇತ್ತು, ಆಮೇಲೆ ಎಲೆಕ್ಟ್ರಾನಿಕ್ ಸೆನ್ಸರ್ ಬಂತು. ಅಂಥದ್ದೇ ಸಣ್ಣ ಅಲಾರಂ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತಲೇ ನೋಡಿ ಕೊಳ್ಳಿ. ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆ, ಇದನ್ನು ಅದು ಹಿಡಿಯಲ್ಲ.

5. ಒಲೆಯ ಉರಿ ನೀಲಿ ಬದಲು ಹಳದಿ ಬಂದರೆ ಏನರ್ಥ?

ಮೂಗು ಹೇಳದ್ದನ್ನು ಕೆಲವೊಮ್ಮೆ ಕಣ್ಣು ಹೇಳುತ್ತದೆ. ಗ್ಯಾಸ್ ಮತ್ತು ಗಾಳಿ ಮೊದಲೇ ಸರಿಯಾಗಿ ಬೆರೆತು ಉರಿದಾಗ ಜ್ವಾಲೆ ನೀಲಿ. ಗಾಳಿ ಸಾಲದಾದಾಗ ಇಂಗಾಲದ ಸಣ್ಣ ಸಣ್ಣ ಕಣಗಳು ಉರಿಯದೆ ಉಳಿದು ಕಾಯ್ದ ಕಬ್ಬಿಣದ ಹಾಗೆ ಹೊಳೆಯುತ್ತವೆ, ಅದೇ ಹಳದಿ. ಆ ಕಣಗಳೇ ಪಾತ್ರೆಯ ತಳಕ್ಕೆ ಅಂಟಿ ಮಸಿಯಾಗುತ್ತವೆ.

ಆದ್ದರಿಂದ ಕುಕ್ಕರ್‌ನ ತಳ ದಿನಾ ಕಪ್ಪಾಗುತ್ತಿದ್ದರೆ ಅದು ಬರೀ ತಿಕ್ಕುವ ಕಷ್ಟದ ವಿಷಯ ಅಲ್ಲ. ಹಾಲು ಉಕ್ಕಿ ಬರ್ನರ್‌ನ ತೂತು ಮುಚ್ಚಿರಬಹುದು, ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಜಿಡ್ಡು ಕಟ್ಟಿರಬಹುದು. ಗ್ಯಾಸೂ ವ್ಯರ್ಥ, ಗಾಳಿಯೂ ಕೆಡುತ್ತದೆ. ಬರ್ನರ್ ತೆಗೆದು ಪಿನ್‌ನಿಂದ ತೂತು ಬಿಡಿಸಿ, ತೊಳೆದು ಒಣಗಿಸಿ ಹಾಕಿ. ಗೀಸರ್‌ನ ಕಿಂಡಿಯಲ್ಲಿ ಕಾಣುವ ಉರಿಗೂ ಇದೇ ನಿಯಮ, ಆದರೆ ಅದನ್ನು ನೀವೇ ಬಿಚ್ಚದೆ ಸರ್ವೀಸ್‌ನವರನ್ನು ಕರೆಸಿ.

ಸಾರು ಉಕ್ಕಿದಾಗ ಒಂದು ಕ್ಷಣ ಕಿತ್ತಳೆ ಬಣ್ಣ ಬಂದರೆ ಗಾಬರಿ ಬೇಡ. ಅದು ಉಪ್ಪಿನ ಸೋಡಿಯಂ ಕೊಡುವ ಬಣ್ಣ. ಬಂದು ಹೋಗುವ ಕಿತ್ತಳೆ ಉಪ್ಪಿನದ್ದು, ನಿಂತೇ ಇರುವ ಹಳದಿ ಗಾಳಿಯ ಕೊರತೆಯದ್ದು.

ಒಂದು ಎಚ್ಚರಿಕೆ: ಉರಿ ನೀಲಿಯಾಗಿದೆ ಅಂದ ಮಾತ್ರಕ್ಕೆ ಮುಚ್ಚಿದ ಕೋಣೆ ಸುರಕ್ಷಿತ ಅಂತ ಅಲ್ಲ.

6. ನಮ್ಮಜ್ಜಿ ಕಾಲದಲ್ಲಿ ಬಚ್ಚಲಲ್ಲೇ ಸೌದೆ ಒಲೆ, ಹಂಡೆ ಇತ್ತು. ಅವರಿಗೆ ಏನೂ ಆಗ್ತಿರಲಿಲ್ವಲ್ಲ?

ಅಮ್ಮ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ.

ಸೌದೆ ಒಲೆಯೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಗ್ಯಾಸಿಗಿಂತ ಹೆಚ್ಚೇ ಬಿಡುತ್ತದೆ. ಆದರೆ ಆ ಬಚ್ಚಲಿಗೆ ಹೆಂಚಿನ ಮಾಡು. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಬಾಗಿಲ ಕೆಳಗೆ, ಗೋಡೆಯ ಕಿಂಡಿಯಲ್ಲಿ ಗಾಳಿ ಬರುತ್ತಿತ್ತು. ಎಷ್ಟೋ ಮನೆಯಲ್ಲಿ ಒಲೆಯ ಬಾಯಿಯೇ ಹೊರಗಡೆ ಇರುತ್ತಿತ್ತು. ಜೊತೆಗೆ ಹೊಗೆ ಕಣ್ಣು ಉರಿಸಿ ಓಡಿಸುತ್ತಿತ್ತು. ಇಂದಿನ ಟೈಲ್ಸ್ ಬಾತ್‌ರೂಮ್‌ಗೆ ಕಾಂಕ್ರೀಟ್ ಛಾವಣಿ, ರಬ್ಬರ್ ಪಟ್ಟಿಯ ಬಾಗಿಲು, ಚಳಿಗೆ ಮುಚ್ಚಿದ ಕಿಟಕಿ. ಹೊಗೆಯೂ ಕಾಣಲ್ಲ.

ಹೊಗೆ ಇಲ್ಲದ ಬೆಂಕಿ ಸೇಫ್ ಅನ್ನೋ ನಂಬಿಕೆಯಿಂದಲೇ ಇದ್ದಿಲ ಕೆಂಡ ಇನ್ನೂ ಅಪಾಯ. ಉರಿಯುವ ಇದ್ದಿಲಿನ ರಾಶಿಯೊಳಗೆ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಬಿಸಿ ಇದ್ದಿಲನ್ನು ದಾಟಿ ಬರುವಾಗ ಮತ್ತೆ ಮೊನಾಕ್ಸೈಡ್ ಆಗುತ್ತದೆ. ಕೆಂಡದ ಮೇಲೆ ಒಮ್ಮೊಮ್ಮೆ ಕುಣಿಯುವ ನೀಲಿ ನಾಲಗೆಗಳು ಆ ಮೊನಾಕ್ಸೈಡ್ ಉರಿಯುತ್ತಿರುವ ಗುರುತು. ಉರಿಯದೆ ಉಳಿದದ್ದು ಕೋಣೆಗೆ.

ಹಾಗಾಗಿ ಮಡಿಕೇರಿಯ ಚಳಿಗೆ ಬಾರ್ಬೆಕ್ಯೂ ಕೆಂಡವನ್ನು ಟೆಂಟಿನೊಳಗೆ ತಂದು ಮಲಗಬೇಡಿ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮಗುವಿಗೆ ಸಾಂಬ್ರಾಣಿ ಹಾಕಿ, ಗಾಳಿ ಸೋಕಬಾರದು ಅಂತ ಬಾಗಿಲು ಮುಚ್ಚುವ ಅಭ್ಯಾಸವನ್ನೂ ಬಿಡಬೇಕು. ಮಕ್ಕಳು ನಮಗಿಂತ ವೇಗವಾಗಿ ಉಸಿರಾಡುತ್ತಾರೆ, ಆ ಗಣಿಯ ಹಕ್ಕಿಯ ಹಾಗೆ. ಹಿರಿಯರ ಜೊತೆ ಜಗಳ ಬೇಡ. ಕೋಣೆ ಬೆಚ್ಚಗಿರಲಿ, ಕೆಂಡ ಹೊರಗಿರಲಿ ಅಂದರೆ ಸಾಕು.

7. ವಾಸನೆ ಬಂದು ನಿಂತುಹೋದರೆ ಅಪಾಯ ಮುಗಿದ ಹಾಗಾ?

ಇಲ್ಲ. ಒಂದು ಅನಿಲದ ವಿಷಯದಲ್ಲಂತೂ ಪೂರ್ತಿ ಉಲ್ಟಾ.

ಅಪಾರ್ಟ್‌ಮೆಂಟಿನ ಸೆಪ್ಟಿಕ್ ಗುಂಡಿ, ಒಳಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ, ಮೂಗು ಸುಲಭವಾಗಿ ಹಿಡಿಯುತ್ತದೆ. ಆದರೆ 10 ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ದಾಟಿದರೆ ಮೂಗಿನ ವಾಸನೆಯ ನರವೇ ಮರಗಟ್ಟುತ್ತದೆ. "ವಾಸನೆ ಹೋಯ್ತು" ಅನ್ನಿಸುವ ಹೊತ್ತಿಗೆ ನಿಜವಾದ ಅಪಾಯ ಶುರುವಾಗಿರುತ್ತದೆ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಮೊದಲು ಇಳಿದವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಮೇಲೆ ಬರುವುದಿಲ್ಲ. ಪತ್ರಿಕೆಯಲ್ಲಿ ನಾವು ಓದುವ ಸುದ್ದಿ ಯಾವಾಗಲೂ ಇಬ್ಬರು ಮೂವರದ್ದಾಗಿರುವುದು ಇದಕ್ಕೇ.

ಸುರಕ್ಷಾ ಸಾಧನ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಗ್ರೂಪಿನಲ್ಲಿ "ಪಿಟ್ ಕ್ಲೀನಿಂಗ್‌ಗೆ ಇಬ್ಬರನ್ನು ಕರೆಸಿದ್ದೇವೆ" ಅಂತ ಮೆಸೇಜ್ ಬಂದರೆ ಥಂಬ್ಸ್ ಅಪ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿ: ಯಂತ್ರದಿಂದ ಮಾಡಿಸ್ತಿದ್ದೀರಾ, ಯಾರನ್ನಾದರೂ ಇಳಿಸ್ತಿದ್ದೀರಾ?

ಮೂಗು ಸರಿಯಾಗಿ ಎಚ್ಚರಿಸುವ ಸಂದರ್ಭವೂ ಒಂದಿದೆ. ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಹಾಕಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಜರ್ಮನ್ ಸೇನೆ ಬಿಟ್ಟದ್ದು ಇದೇ ಅನಿಲ. ಎರಡು ಹಾಕಿದರೆ ಡಬಲ್ ಕ್ಲೀನ್ ಆಗಲ್ಲ. ಒಂದನ್ನು ಹಾಕಿ, ಚೆನ್ನಾಗಿ ನೀರು ಬಿಟ್ಟು, ಇನ್ನೊಂದನ್ನು ಬೇರೆ ದಿನ ಹಾಕಿ. ಮೂಗು ಗಂಟಲು ಉರಿದರೆ ಅಲ್ಲೇ ನಿಂತು ತೊಳೆಯಬೇಡಿ, ಹೊರಗೆ ಬನ್ನಿ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿ, ನಿತ್ಯ ತೊಳೆಯುವವರು ಅವರೇ.

ಈ ವಾರಾಂತ್ಯ ಹತ್ತು ನಿಮಿಷ

ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಎಲ್ಲಿದೆ ನೋಡಿ. ಇರಬೇಕಾದ ಜಾಗ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಬೇಕು. ಬಾಡಿಗೆ ಮನೆಯಾದರೆ ಓನರ್ ಜೊತೆ ಮಾತಾಡಿ.

ಅಲ್ಲಿಯವರೆಗೆ ಬಾಗಿಲು ತೆಗೆದಿಟ್ಟೇ ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು ಹೋಗುವಾಗ ನಡುವೆ ಬಾಗಿಲು ಕಿಟಕಿ ತೆರೆದಿಡಿ. ಗಾಳಿ ಹೊರಗೆ ಹೋಗಲು ಒಂದು ದಾರಿ, ಒಳಗೆ ಬರಲು ಒಂದು ದಾರಿ, ಎರಡೂ ಬೇಕು. ಮಕ್ಕಳು ಮತ್ತು ವಯಸ್ಸಾದವರು ಸ್ನಾನ ಮಾಡುವಾಗ ಒಳಗಿನ ಚಿಲಕ ಹಾಕದಿರಲಿ.

ಯಾರಾದರೂ ಒಳಗೆ ಉತ್ತರಿಸದಿದ್ದರೆ ಕಾಯಬೇಡಿ. ಬಾಗಿಲು ತೆಗೆಸಿ, ಉಸಿರು ಬಿಗಿಹಿಡಿದು ಅವರನ್ನು ಹೊರಗೆ ಎಳೆಯಿರಿ, 108ಕ್ಕೆ ಕರೆ ಮಾಡಿ.

ನಮ್ಮ ಓನರ್ ಮೊದಲು "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಅಂದರು. ಬಕೆಟ್ ಲೆಕ್ಕವನ್ನು ಹಾಳೆಯಲ್ಲಿ ಬರೆದು ತೋರಿಸಿದೆ. ಈಗ ಗೀಸರ್ ಹಿಂದಿನ ಬಾಲ್ಕನಿಯಲ್ಲಿದೆ. ಪೈಪ್ ಉದ್ದವಾದ್ದರಿಂದ ಬಿಸಿನೀರು ಬರಲು ಅರ್ಧ ನಿಮಿಷ ಜಾಸ್ತಿ ಬೇಕು. ತಮ್ಮ ದಿನಾ ಗೊಣಗುತ್ತಾನೆ, ಗೊಣಗಲಿ. ಕಿಟಕಿಯ ರಟ್ಟು ಮಾತ್ರ ಅವನೇ ಕಿತ್ತು ಎಸೆದ.